ಬೊಜ್ಜು ಒಂದು ರೋಗವೇ?

ಪರ: ಹೌದು, ರೋಗವೇ

ಕನ್ನಡದಲ್ಲಿ ಕೊಬ್ಬು ಅಂದರೆ ಸೊಕ್ಕು ಅಂತಲೂ ಅರ್ಥ. ದಪ್ಪಗಿರುವವರನ್ನು ನಾವು ನೋಡುವ ರೀತಿ ಆ ಒಂದು ಪದದಲ್ಲೇ ಇದೆ. ತಿಂದಿದ್ದಾರೆ, ಬೆಳೆದಿದ್ದಾರೆ, ಬಾಯಿ ಕಟ್ಟಿದರೆ ಸರಿಹೋಗುತ್ತದೆ!

ಬಾಯಿ ಕಟ್ಟುವುದು ಅವರಿಗೆ ಗೊತ್ತಿಲ್ಲ ಅಂತಲ್ಲ. ಹತ್ತು ಕಿಲೋ ಇಳಿಸಿ ಮತ್ತೆ ಹನ್ನೆರಡು ಕಿಲೋ ಏರಿಸಿಕೊಂಡವರು ಎಷ್ಟೋ ಮಂದಿ. ಯಾಕೆ ಹೀಗಾಗುತ್ತದೆ?

1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಪತ್ತೆ ಮಾಡಿತು. ಈ ಹಾರ್ಮೋನನ್ನು ತಯಾರಿಸುವುದು ಕೊಬ್ಬಿನ ಜೀವಕೋಶಗಳೇ. ಅಂದರೆ ಕೊಬ್ಬು ಸುಮ್ನೆ ಬಿದ್ದಿರುವ ದಾಸ್ತಾನಲ್ಲ, ಎಷ್ಟು ಕೂಡಿಟ್ಟಿದ್ದೇನೆ ಎಂದು ಮಿದುಳಿಗೆ ಲೆಕ್ಕ ಒಪ್ಪಿಸುತ್ತಲೇ ಇರುತ್ತದೆ. ತೂಕ ಇಳಿದರೆ ಲೆಪ್ಟಿನ್ ಕುಸಿಯುತ್ತದೆ. ಹೊಟ್ಟೆಯಲ್ಲಿ ಹುಟ್ಟುವ, ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ. ಬರಗಾಲ ಬಂತೆಂದು ಮಿದುಳು ಹಸಿವನ್ನು ಹೆಚ್ಚಿಸಿ ಖರ್ಚನ್ನು ಹಿಡಿಯುತ್ತದೆ.

ಇದು ನಾಲ್ಕು ದಿನದ ಆಟವಲ್ಲ. 2011ರ ಒಂದು ಅಧ್ಯಯನದಲ್ಲಿ, ತೂಕ ಇಳಿಸಿ ಒಂದು ವರ್ಷವಾದ ಮೇಲೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ತೂಕ ಇಳಿಸಿದ 14 ಜನರನ್ನು ಸಂಶೋಧಕ ಕೆವಿನ್ ಹಾಲ್ ಅವರ ತಂಡ ಆರು ವರ್ಷಗಳ ನಂತರ ಪರೀಕ್ಷಿಸಿತು. ಇಳಿದ ತೂಕದಲ್ಲಿ ಬಹುಪಾಲು ವಾಪಸ್ ಬಂದಿತ್ತು. ಆದರೂ ಅವರ ದೇಹ ವಿಶ್ರಾಂತಿಯಲ್ಲಿ ಸುಡುತ್ತಿದ್ದುದು ಆ ಗಾತ್ರದ ದೇಹ ಸುಡಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ.

ಈಗ ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಔಷಧ ಬಂದಿದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದುದರ ಮೂರನೇ ಎರಡು ಭಾಗ ಮರಳಿತು. ಬಿಪಿ ಮಾತ್ರೆ ಬಿಟ್ಟರೂ ಬಿಪಿ ಏರುತ್ತದೆ. ಅದನ್ನು ಯಾರೂ ಸೋಮಾರಿತನ ಅನ್ನುವುದಿಲ್ಲ, ಅಲ್ವಾ?

ವಿರೋಧ: ಎಲ್ಲರಿಗೂ ಆ ಹೆಸರು ಬೇಡ

ರೋಗ ಅಂದಮೇಲೆ ರೋಗಿ ಯಾರೆಂದು ಹೇಳಬೇಕು. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಬಿಎಂಐ. ಅದು 30 ದಾಟಿದರೆ ಬೊಜ್ಜು ಅಂತಾರೆ. ಈ ಲೆಕ್ಕ ಹಾಕಿಕೊಟ್ಟ ಬೆಲ್ಜಿಯಂನ ಅಡಾಲ್ಫ್ ಕೆಟಲೆ ವೈದ್ಯರಲ್ಲ. ಖಗೋಳ ಮತ್ತು ಅಂಕಿಅಂಶಗಳ ಪಂಡಿತರು. 1830ರ ದಶಕದಲ್ಲಿ ಅವರು ಹುಡುಕುತ್ತಿದ್ದುದು 'ಸರಾಸರಿ ಮನುಷ್ಯ'ನನ್ನು, ರೋಗಿಯನ್ನಲ್ಲ. ಆ ಸಂಖ್ಯೆಗೆ ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ತೊಡೆಯ ಚರ್ಮದಡಿಯ ಕೊಬ್ಬಿಗಿಂತ ಯಕೃತ್ತಿನಲ್ಲೂ ಕರುಳಿನ ಸುತ್ತಲೂ ಸೇರಿದ ಕೊಬ್ಬು ಜಾಸ್ತಿ ಅಪಾಯಕಾರಿ. ಅದೂ ಗೊತ್ತಾಗುವುದಿಲ್ಲ.

30 ದಾಟಿಯೂ ಸಕ್ಕರೆ, ಬಿಪಿ ಎರಡೂ ಸರಿಯಿರುವವರಿದ್ದಾರೆ. ಅವರಿಗೆ ಮುಂದೆ ಏನೂ ಆಗುವುದಿಲ್ಲ ಎನ್ನುತ್ತಿಲ್ಲ. ಆದರೆ ಅಪಾಯ ಬೇರೆ, ರೋಗ ಬೇರೆ. 2013ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಬೊಜ್ಜನ್ನು ರೋಗವೆಂದು ಘೋಷಿಸಿತು. ಹಾಗೆ ಮಾಡಬೇಡಿ ಎಂದಿದ್ದು ಅದರದೇ ವಿಜ್ಞಾನ ಮಂಡಳಿ! ಬಿಎಂಐ ನಂಬಲು ಸಾಲದು ಎಂಬುದೂ ಒಂದು ಕಾರಣವಾಗಿತ್ತು. 2025ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ ಗೆರೆ ಎಳೆಯಿತು: ಅಂಗಾಂಗಗಳಿಗೋ ದಿನದ ಕೆಲಸಕ್ಕೋ ತೊಂದರೆಯಾಗಿದ್ದರೆ ರೋಗ, ಇಲ್ಲವಾದರೆ ಅದರ ಹಿಂದಿನ ಹಂತ. ಇಷ್ಟು ತಡವಾಗಿಯಾದರೂ ಎಳೆದರಲ್ಲ.

ಇನ್ನೊಂದು ವಿಷಯ. ರೋಗ ಅಂದಕೂಡಲೇ ತಪ್ಪನ್ನು ದೇಹದೊಳಗೇ ಹುಡುಕುತ್ತೇವೆ, ತಟ್ಟೆಯನ್ನು ಮರೆಯುತ್ತೇವೆ. ಅದೇ ಕೆವಿನ್ ಹಾಲ್ 2019ರಲ್ಲಿ ಬೇರೊಂದು ಪ್ರಯೋಗ ಪ್ರಕಟಿಸಿದರು. 20 ಜನರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಬಡಿಸಿದ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಬಹುದಿತ್ತು. ಕಾರ್ಖಾನೆ ತಿನಿಸು ಸಿಕ್ಕಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಇಲ್ಲೂ 500, ನೋಡಿ. ಆ ಎರಡು ವಾರದಲ್ಲಿ ತೂಕ ಒಂದು ಕಿಲೋ ಹತ್ತಿರ ಏರಿತು. ಇನ್ನೊಂದು ಊಟದ ಎರಡು ವಾರದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಬದಲಾಗಿದ್ದು ತಟ್ಟೆ ಮಾತ್ರ, ಜನ ಅವರೇ.