ಭಾವ, ಒಂದ್ಸಲ ಇಳೀತೀರಾ?

ನನ್ನ ರೇಷ್ಮೆ ಪಂಚೆಗೆ ಮೊಣಕಾಲಿನವರೆಗೂ ಕೆಸರು ಹಾರಿದೆ. ಡ್ರೈ ಕ್ಲೀನಿಂಗ್ ಅಂಗಡಿಯವನು ಬಿಡಿಸಿ ನೋಡಿ, "ಏನ್ ಸಾರ್, ಗದ್ದೆಗೆ ಇಳಿದಿದ್ರಾ?" ಅಂದ. ಗದ್ದೆಗಲ್ಲ ಮಾರಾಯ, ಗೃಹಪ್ರವೇಶಕ್ಕೆ. ಅದೂ ಕಾರಿನಲ್ಲಿ. ಅದೂ ಎಂಥ ಕಾರು! ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಏಳು ಸೆಕೆಂಡಿನ ಒಳಗೆ ಹೋಗುವ ಕಾರು. ಅದರಲ್ಲಿ ಹೊರಟವನು ಲೇಔಟಿನ ಉದ್ದಕ್ಕೂ ಇಳಿದು ಹತ್ತಿ, ಇಳಿದು ಹತ್ತಿ, ನಡೆದೇ ಹೋದೆ ಎಂದರೆ ಅವನು ನಂಬುತ್ತಾನಾ? ಸುಮ್ನೆ ಹೂಂ ಅಂದು ರಸೀದಿ ಇಸಿದುಕೊಂಡು ಬಂದೆ.

ಕಾರು ನನ್ನ ಭಾಮೈದನದು. ಕಂಪನಿಯ ಹೆಸರು ಹೇಳುವುದಿಲ್ಲ. ತಪ್ಪು ಕಂಪನಿಯದಲ್ಲ, ಹುಡುಗನದು. ಸೈಟಿಗೆ ಅಂತ ಬ್ಯಾಂಕಿನಲ್ಲಿ ಇಟ್ಟಿದ್ದ ದುಡ್ಡು ಬಿಡಿಸಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಇದನ್ನು ತಂದು ನಿಲ್ಲಿಸಿದ. "ನೋಡೋಕೆ ಮಾಮೂಲಿ ಫ್ಯಾಮಿಲಿ ಕಾರು ಭಾವ, ಒಳಗೆ ಮಾತ್ರ 240ರ ಮೇಲೆ ಹಾರ್ಸ್‌ಪವರ್" ಎಂದ. "ನೋಡೋಕೆ ಮಾಮೂಲಿ ಅಂತಾದ್ರೆ ಅಷ್ಟು ದುಡ್ಡು ಯಾಕೋ ಕೊಟ್ಟೆ?" ಎಂದು ನಮ್ಮ ಅತ್ತೆ ಕೇಳಿದರು. ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ.

ಬೇರೆಲ್ಲ ಪ್ರಶ್ನೆಗೂ ಅವನ ಹತ್ತಿರ ಉತ್ತರ ಉಂಟು. ಊಟಕ್ಕೆ ಕೂತರೆ ಸಾಕು, ಸಾರು ಮುಗಿದು ಮಜ್ಜಿಗೆ ಬರುವಷ್ಟರಲ್ಲಿ ನಮ್ಮ ದೇಶಕ್ಕೆ ಬಂದ ಇಂಥ ಕಾರುಗಳ ಇಡೀ ವಂಶಾವಳಿ ಒಪ್ಪಿಸುತ್ತಾನೆ. 2015ರಲ್ಲಿ ಅಬಾರ್ತ್ ಪುಂಟೊ, 145 ಹಾರ್ಸ್‌ಪವರ್, ಹತ್ತು ಲಕ್ಷದ ಒಳಗೆ. 2017ರಲ್ಲಿ ಆಕ್ಟೇವಿಯಾ ಆರ್‌ಎಸ್, 230. 2020ರಲ್ಲಿ ಅದೇ ಕಾರು, 245. 2025ರಲ್ಲಿ ಗಾಲ್ಫ್ ಜಿಟಿಐ, 265, ಬೆಲೆ ಐವತ್ತು ಲಕ್ಷ ದಾಟಿ. "ಎಲ್ಲಾ ಫ್ರಂಟ್ ವೀಲ್ ಡ್ರೈವ್ ಭಾವ!" ಅಂದರೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ನಮ್ಮ ಮನೆಯಲ್ಲಿ ಯಾರೂ ಹಿಂದಿನ ಚಕ್ರದ ಪರವಾಗಿ ವಾದ ಮಾಡಿದವರಲ್ಲ. ಆದರೂ ಅವನು ಸಮರ್ಥಿಸಿಕೊಳ್ಳುತ್ತಲೇ ಇರುತ್ತಾನೆ.

ಅಷ್ಟೂ ಶಕ್ತಿಯನ್ನು ಮುಂದಿನ ಎರಡೇ ಚಕ್ರಕ್ಕೆ ಕೊಟ್ಟರೆ ಕಷ್ಟ ಅಲ್ವಾ ಎಂದು ಒಮ್ಮೆ ಕೇಳಿದೆ. "ಎತ್ತು ಗಾಡಿ ಮುಂದೆ ಇರುತ್ತೋ ಹಿಂದೆ ಇರುತ್ತೋ ಭಾವ?" ಎಂದ. ಅವನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಹತ್ತಿರದಿಂದ ನೋಡಿರುವುದು ಬಸವನಗುಡಿಯ ಕಲ್ಲಿನ ಬಸವನನ್ನು ಮಾತ್ರ. ಆದರೂ ಹೋಲಿಕೆ ಚೆನ್ನಾಗಿಯೇ ಇದೆ, ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ಜೋಡಿಯಲ್ಲಿ ಒಂದು ಎತ್ತು ಇನ್ನೊಂದಕ್ಕಿಂತ ಬಿರುಸಾಗಿ ನುಗ್ಗಿದರೆ ಗಾಡಿ ಸೊಟ್ಟಗೆ ಹೋಗುತ್ತದಲ್ಲ, ಇಲ್ಲೂ ಹಾಗೇ. ಎಂಜಿನ್ ಅಡ್ಡಡ್ಡ ಕೂತಿರುತ್ತದೆ, ಗೇರ್‌ಬಾಕ್ಸ್ ಅದರ ಒಂದು ಪಕ್ಕಕ್ಕೆ. ಹಾಗಾಗಿ ಒಂದು ಚಕ್ರಕ್ಕೆ ಹೋಗುವ ಶಾಫ್ಟ್ ಗಿಡ್ಡ, ಇನ್ನೊಂದಕ್ಕೆ ಹೋಗುವುದು ಉದ್ದ. ಆಕ್ಸಿಲರೇಟರ್ ಜೋರಾಗಿ ತುಳಿದರೆ ಎರಡೂ ಕಡೆಯ ಎಳೆತ ಸಮ ಇರುವುದಿಲ್ಲ. ಸ್ಟೇರಿಂಗ್ ಕೈಯನ್ನು ಎಳೆದುಕೊಂಡೇ ಒಂದು ಪಕ್ಕಕ್ಕೆ ಹೋಗುತ್ತದೆ. ಇದನ್ನು ಟಾರ್ಕ್ ಸ್ಟಿಯರ್ ಅಂತಾರೆ. ಸಾಲದ್ದಕ್ಕೆ, ಕಾರು ಮುಂದೆ ಜಿಗಿದಾಗ ಭಾರ ಹಿಂದಕ್ಕೆ ವಾಲುತ್ತದೆ. ದುಡಿಯಬೇಕಾದ ಮುಂದಿನ ಚಕ್ರಗಳ ಮೇಲೆ ಆಗಲೇ ಭಾರ ಕಮ್ಮಿ. ರೋಡು ಒದ್ದೆಯಿದ್ದರೆ ಅವು ಇದ್ದಲ್ಲೇ ಗಿರ್ರನೆ ತಿರುಗುತ್ತವೆ.

ಈಗಿನ ಕಾರುಗಳಲ್ಲಿ ಇದನ್ನೆಲ್ಲ ಹದ್ದುಬಸ್ತಿಗೆ ತರಲು ಕಂಪ್ಯೂಟರ್ ಇದೆ. ಚಕ್ರ ಜಾರಿದರೆ ಎಂಜಿನ್ನಿಗೆ ಸುಮ್ಮನಿರು ಅನ್ನುತ್ತದೆ, ಮೀಟರಿನಲ್ಲಿ ಒಂದು ಹಳದಿ ದೀಪ ಮಿಣುಕುತ್ತದೆ. ಭಾಮೈದನ ಕಾರಿನಲ್ಲೂ ಇದೆ. ಅವನಿಗೆ ಮಾತ್ರ ಹಾಗೆ ಹೇಳುವವರು ಯಾರೂ ಇಲ್ಲ.

ಗೃಹಪ್ರವೇಶ ಇದ್ದದ್ದು ಕೆಂಗೇರಿ ಆಚೆಯ ಒಂದು ಹೊಸ ಲೇಔಟಿನಲ್ಲಿ. ರಾತ್ರಿಯೆಲ್ಲ ಮಳೆ. ಬೆಳಗ್ಗೆ ನಾನು ಪಂಚೆ ಉಟ್ಟು ಮೆಟ್ರೋಗೆ ಹೊರಟಿದ್ದೆ. "ಮನೆಯಲ್ಲೇ ಕಾರಿರುವಾಗ ಮೆಟ್ರೋ ಯಾಕೆ ಭಾವ, ನಾನಿದ್ದೀನಲ್ಲ" ಎಂದ. ಹೆಂಡತಿಯೂ, "ಅವನು ಅಷ್ಟು ಪ್ರೀತಿಯಿಂದ ಕರೀತಾನೆ, ಬನ್ರೀ" ಎಂದಳು. ಮುಂದೆ ಅವನು, ಪಕ್ಕದಲ್ಲಿ ಅತ್ತೆ. ಹಿಂದೆ ನಾನು, ಹೆಂಡತಿ, ಮಗಳು. ಡಿಕ್ಕಿಯಲ್ಲಿ ಉಡುಗೊರೆಗೆಂದು ತಂದ ಹಿತ್ತಾಳೆ ದೀಪಗಳು, ಅತ್ತೆ ಮಾಡಿದ ಕೋಡುಬಳೆ ಡಬ್ಬ. ಡಿಕ್ಕಿ ಮಾತ್ರ ನಿಜಕ್ಕೂ ದೊಡ್ಡದು. ಅದನ್ನು ಒಪ್ಪಿಕೊಳ್ಳಬೇಕು.

ಮೈಸೂರು ರಸ್ತೆಯಲ್ಲಿ ಉಪನ್ಯಾಸ ಶುರುವಾಯಿತು. 1966ರಲ್ಲೇ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಅನ್ನುವ ಫ್ರಂಟ್ ವೀಲ್ ಡ್ರೈವ್ ಕಾರಿಗೆ 385 ಹಾರ್ಸ್‌ಪವರ್ ಇತ್ತಂತೆ. 2009ರಲ್ಲಿ ಫೋರ್ಡ್ ಫೋಕಸ್ ಆರ್‌ಎಸ್ 300ಕ್ಕೆ ಮುಟ್ಟಿತಂತೆ. 2017ರಲ್ಲಿ ಹೋಂಡಾ ಸಿವಿಕ್ ಟೈಪ್ ಆರ್, ಜರ್ಮನಿಯ ನೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ 20 ಕಿಲೋಮೀಟರಿಗೂ ಜಾಸ್ತಿ ಇರುವ ಒಂದು ಸುತ್ತನ್ನು 7 ನಿಮಿಷ 43.8 ಸೆಕೆಂಡಿನಲ್ಲಿ ಮುಗಿಸಿತಂತೆ. ಈ ಮೂರು ಕಾರಿನ ಕಥೆ ಮುಗಿದಾಗಲೂ ನಾವು ನಾಯಂಡಹಳ್ಳಿ ದಾಟಿರಲಿಲ್ಲ. ಪಕ್ಕದಲ್ಲಿ ಸೊಪ್ಪಿನ ಮೂಟೆ ಹೊತ್ತ ಟಿವಿಎಸ್ ಒಂದು ಒಮ್ಮೆ ನಮ್ಮ ಹಿಂದೆ, ಒಮ್ಮೆ ನಮ್ಮ ಮುಂದೆ. ಕೊನೆಗೆ ಮುಂದೆಯೇ ಹೋಯಿತು.

2022ರಲ್ಲಿ ಟಾಮ್‌ಟಾಮ್ ಕಂಪನಿ ಜಗತ್ತಿನ ಊರುಗಳ ಟ್ರಾಫಿಕ್ ಅಳೆದಾಗ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು 29 ನಿಮಿಷ ಬೇಕಿತ್ತು. ಲಂಡನ್ ಬಿಟ್ಟರೆ ನಾವೇ ನಿಧಾನ. ಅಂದರೆ ಗಂಟೆಗೆ 20 ಕಿಲೋಮೀಟರ್ ಚಿಲ್ಲರೆ. ಆ ವೇಗಕ್ಕೆ 240 ಹಾರ್ಸ್‌ಪವರ್ ಏನು ಮಾಡುತ್ತದೆ? ಎಸಿ ಓಡಿಸುತ್ತದೆ. ಎಸಿ ಬಹಳ ತಂಪು.

ಸರಿ, ಊರು ಬಿಟ್ಟು ಎಕ್ಸ್‌ಪ್ರೆಸ್‌ವೇಗೆ ಹೋಗಲಿ ಎನ್ನಿ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಿತಿ 100. ಮೇಲೆ ಕ್ಯಾಮೆರಾ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಹೇಳಿದ್ದಾರೆ. ಕಾರಿನ ಮೀಟರಿನಲ್ಲಿ 130 ಆದ ಮೇಲೂ ಅರ್ಧ ಮೀಟರು ಬಾಕಿ ಇರುತ್ತದೆ. ಆ ಅರ್ಧಕ್ಕೂ ದುಡ್ಡು ಕೊಟ್ಟಿದ್ದಾನೆ, ಪಾಪ.

ಇನ್ನು ಸಿಗ್ನಲ್ ಕಥೆ. ಹಸಿರು ಬಿತ್ತು, ಎದುರಿಗೆ ಹೇಗೋ ಬಸ್ಸಿನುದ್ದದಷ್ಟು ಖಾಲಿ ರೋಡು ಕಾಣಿಸಿತು. ಇವನಿಗೆ ಅಷ್ಟು ಸಾಕು. ತುಳಿದ. ಚಕ್ರ ಕಿರ್ರೆಂದು ಜಾರಿತು, ಹಳದಿ ದೀಪ ಮಿಣುಕಿತು, ಕಾರು ಎಡಕ್ಕೆ ಒಮ್ಮೆ ಮೂತಿ ತಿರುಗಿಸಿ ನೆಟ್ಟಗಾಯಿತು. ಆಮೇಲೆ ಬ್ರೇಕು. ನನ್ನ ಹಣೆ ಮುಂದಿನ ಸೀಟಿಗೆ. ಅತ್ತೆ ಮಾತ್ರ ಅಲುಗಾಡದೆ, "ಅಲೈನ್‌ಮೆಂಟ್ ಮಾಡಿಸೋ, ಗಾಡಿ ಎಳೀತಿದೆ" ಎಂದರು. ಯೂರೋಪಿನ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ವಿಷಯವನ್ನು ಅತ್ತೆ ಒಂದೇ ಮಾತಿನಲ್ಲಿ ಗ್ಯಾರೇಜಿಗೆ ಕಳಿಸಿದರು.

ಇಷ್ಟರವರೆಗೆ ನಾನು ತಡೆದುಕೊಂಡಿದ್ದೆ. ಲೇಔಟಿನ ಕಮಾನು ದಾಟಿದ ಕೂಡಲೇ ಮೊದಲ ಹಂಪ್ ಬಂತು.

ಹಂಪ್‌ಗೂ ಒಂದು ಕಾನೂನಿದೆ. ರೋಡಿನ ಅಳತೆ, ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನೆಮ್ಮದಿಯಾಗಿ ದಾಟಬಹುದು. ಲೇಔಟಿನ ಹಂಪ್‌ಗಳು ಈ ಪುಸ್ತಕ ಓದಿಲ್ಲ. ಮನೆ ಕಟ್ಟಿ ಉಳಿದ ಕಾಂಕ್ರೀಟನ್ನು ರೋಡಿಗೆ ಅಡ್ಡ ಸುರಿದು, ಕರಣೆಯಲ್ಲಿ ಎರಡು ಸಲ ಸವರಿದ ಹಂಪ್‌ಗಳವು. ಅಗಲ ಒಂದು ಹೆಜ್ಜೆ, ಎತ್ತರ ದೇವರೇ ಬಲ್ಲ. ಭಾಮೈದನ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣೂ ಇಲ್ಲ. ಅದರಲ್ಲಿ ಐದು ಜನ, ಡಿಕ್ಕಿಯಲ್ಲಿ ಹಿತ್ತಾಳೆ.

ಕಾರು ನಿಂತಿತು. ಅವನು ತಿರುಗಿ, ಬಹಳ ವಿನಯದಿಂದ, "ಭಾವ, ಒಂದ್ಸಲ ಇಳೀತೀರಾ?" ಎಂದ.

ಇಳಿದೆ. ಅತ್ತೆಗೆ ಮಂಡಿನೋವು, ಅವರನ್ನು ಇಳಿಸುವಂತಿಲ್ಲ. ಹೆಂಡತಿಯದು ಕಾಂಜೀವರಂ ಸೀರೆ, ಅವಳನ್ನು ಕೆಸರಿಗೆ ಇಳಿಸುವಷ್ಟು ಧೈರ್ಯ ಅವನಿಗಿಲ್ಲ. ಮಗಳು ಇಳಿದರೂ ಕಾರಿಗೆ ಗೊತ್ತಾಗುವುದಿಲ್ಲ. ಉಳಿದವನು ನಾನು, 86 ಕೆಜಿ. ನಾನಿಳಿದ ತಕ್ಷಣ ಕಾರು ಎರಡು ಬೆರಳು ಮೇಲೆದ್ದಿತು. ಅದನ್ನು ಎಲ್ಲರೂ ನೋಡಿದರು. ಮಗಳು ನಕ್ಕಳು.

ಇಳಿಯುವುದಷ್ಟೇ ಆಗಿದ್ದರೆ ಪರವಾಗಿಲ್ಲ. ಮುಂದೆ ಹೋಗಿ, ಪಂಚೆ ಎತ್ತಿಕೊಂಡು ಬಗ್ಗಿ, ಕಾರಿನ ಕೆಳಗೆ ನೋಡುತ್ತಾ "ಬಾ... ಬಾ... ಇನ್ನೂ ಬಾ" ಅನ್ನಬೇಕು. ಅವನು ಕಾರನ್ನು ನೇರವಾಗಿ ಹತ್ತಿಸುವುದಿಲ್ಲ. ರೋಡಿನ ಬಲತುದಿಗೆ ಹೋಗಿ ಓರೆಯಾಗಿ ಬರುತ್ತಾನೆ. ಮೊದಲು ಒಂದು ಚಕ್ರ, ಆಮೇಲೆ ಇನ್ನೊಂದು, ಆಮೇಲೆ ಹಿಂದಿನವು ಒಂದೊಂದಾಗಿ. ಎದುರಿಗೆ ಬಂದ ನೀರಿನ ಟ್ಯಾಂಕರಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಎಂಜಿನ್ ಆಫ್ ಮಾಡಿದ. ದಾಟಿದ ಮೇಲೆ ಹತ್ತುತ್ತೇನೆ ಅನ್ನುವಷ್ಟರಲ್ಲಿ ಮುಂದಿನ ಹಂಪ್ ಕಾಣಿಸುತ್ತಿತ್ತು. "ಅಲ್ಲೇ ಹತ್ತಿರ ಇದೆಯಲ್ಲ ಭಾವ, ನಡ್ಕೊಂಡು ಬಂದುಬಿಡಿ." ಆಮೇಲಾಮೇಲೆ ಅವನು ಹೇಳುವುದನ್ನೂ ಬಿಟ್ಟ. ಕಾರು ನಿಂತರೆ ನಾನೇ ಬಾಗಿಲು ತೆಗೆಯತೊಡಗಿದೆ. ಮನುಷ್ಯ ಎಷ್ಟು ಬೇಗ ಪಳಗುತ್ತಾನೆ ನೋಡಿ.

ಮೂಲೆಯ ಹೂವಿನ ಅಂಗಡಿಯಾಕೆ, "ಕೆಟ್ಟೋಯ್ತಾ ಸಾರ್?" ಎಂದು ಕೇಳಿ ಗಂಡನನ್ನು ಕೂಗಿದರು. ಅವರು ಬನಿಯನ್ನಿನಲ್ಲೇ ಓಡಿ ಬಂದು ಕಾರು ತಳ್ಳಲು ಕೈ ಇಟ್ಟರು. "ಮುಟ್ಟಬೇಡಿ ಸಾರ್, ಕೋಟಿಂಗ್ ಮಾಡಿಸಿದ್ದೀನಿ" ಎಂದು ಒಳಗಿನಿಂದ ಕೂಗು ಬಂತು. ಕೆಟ್ಟಿಲ್ಲ, ಚೆನ್ನಾಗಿಯೇ ಇದೆ ಎಂದು ನಾನು ಹೇಳಿದೆ. ಚೆನ್ನಾಗಿದ್ದರೆ ನೀವ್ಯಾಕೆ ಕೆಳಗಿದ್ದೀರಿ ಎಂದು ಅವರು ಕೇಳಲಿಲ್ಲ. ನೋಡಿದರು, ಅಷ್ಟೇ. ಕೇಳಿದ್ದರೇ ವಾಸಿ.

ಆಗ ಪಕ್ಕದಲ್ಲಿ ಒಂದು ಆಟೋ ನಿಂತಿತು. "ಎಲ್ಲಿಗೆ ಸಾರ್?" ಬೆಂಗಳೂರಿನಲ್ಲಿ ಆಟೋದವರು ತಾವಾಗಿ ನಿಲ್ಲಿಸಿ ಎಲ್ಲಿಗೆ ಅಂತ ಕೇಳುವುದು ಎಂಥ ಗಳಿಗೆ! ಹತ್ತು ಹಾರ್ಸ್‌ಪವರಿನ ಆಸುಪಾಸಿನ ಗಾಡಿ. ಎಂಜಿನ್ ಹಿಂದೆ, ಎಳೆಯುವ ಚಕ್ರವೂ ಹಿಂದೆ. ಎಷ್ಟು ಅಂದೆ. ನೂರು ಅಂದ. ಕಣ್ಣಿಗೆ ಕಾಣುವಷ್ಟು ದೂರಕ್ಕೆ ನೂರು! ಬೇರೆ ದಿನವಾಗಿದ್ದರೆ ಜಗಳ ಆಡುತ್ತಿದ್ದೆ. ಹತ್ತಿ ಕೂತೆ. ಒಂದು ಹಂಪ್‌ಗೂ ಅವನು ಗೇರ್ ಕೂಡ ಬದಲಾಯಿಸಲಿಲ್ಲ. ನಾನು ಹೋಗಿ, ಕಾಲು ತೊಳೆದು, ಎರಡು ಇಡ್ಲಿ ತಿಂದು, ಕಾಫಿ ಲೋಟ ಹಿಡಿದು ಗೇಟಿಗೆ ಬಂದಾಗ ದೂರದಲ್ಲಿ ಕಾರು ಓರೆಯಾಗಿ ಬರುತ್ತಿತ್ತು. ಮುಂದೆ ನನ್ನ ಹೆಂಡತಿ, ಸೀರೆಯ ನೆರಿಗೆ ಎತ್ತಿ ಹಿಡಿದು, "ಬಾ... ಬಾ..." ಅನ್ನುತ್ತಿದ್ದಳು. ನನ್ನನ್ನು ನೋಡಿದ ನೋಟ ಮಾತ್ರ ಇಲ್ಲಿ ಬರೆಯಲಾರೆ.

ನಮ್ಮಪ್ಪನ ಹತ್ತಿರ ಒಂದು ಬಿಳಿ ಮಾರುತಿ 800 ಇತ್ತು. ಅದೂ ಫ್ರಂಟ್ ವೀಲ್ ಡ್ರೈವೇ. 796 ಸಿಸಿ, 37 ಹಾರ್ಸ್‌ಪವರ್. ಪ್ರತಿ ಬೇಸಿಗೆಯಲ್ಲಿ ಆರು ಜನ, ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಹಾಸಿಗೆ ಸುರುಳಿ, ಹೀಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುತ್ತಿದ್ದೆವು. ವಾಪಸ್ ಬರುವಾಗ ಘಾಟಿ ಹತ್ತಬೇಕು. ತಿರುವು ಬಂದಾಗಲೆಲ್ಲ ಅಪ್ಪ ಎಸಿ ಆಫ್ ಮಾಡುತ್ತಿದ್ದರು. ಕಿಟಕಿ ಇಳಿಸಿದರೆ ಒದ್ದೆ ಮಣ್ಣಿನ, ಕಾಡಿನ ವಾಸನೆ. ಮೊದಲನೇ ಗೇರಿನಲ್ಲಿ ಕಾರು ಗುಂಯ್ ಅನ್ನುತ್ತಾ ಏರುತ್ತಿತ್ತು. ಅಪ್ಪ ಯಾರನ್ನೂ ಇಳಿಸಿದ ನೆನಪಿಲ್ಲ. ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ವಾಲಿ ಕೂರುತ್ತಿದ್ದರು, ಅಷ್ಟೇ. ಅವರು ಹೋದ ಮೇಲೆ ಕಾರನ್ನು ಮಾರಿದೆವು. ಕೊಂಡವನು ಕ್ಯಾರಿಯರ್ ಬೇಡ ಅಂದ. ಅದು ಈಗಲೂ ತಾರಸಿಯಲ್ಲಿದೆ.

ಇರಲಿ. ನ್ಯಾಯವಾಗಿ ಹೇಳಬೇಕೆಂದರೆ ದಿನಬಳಕೆಗೆ ಆ ಕಾರು ಕೆಟ್ಟದ್ದಲ್ಲ. ನಿಧಾನಕ್ಕೆ ಓಡಿಸಿದರೆ ಹಾಲಿನಂತೆ ಹೋಗುತ್ತದೆ. ಐದು ಸೀಟಿದೆ, ಡಿಕ್ಕಿಯಿದೆ. ಮಳೆಯಲ್ಲಿ ತಿರುವಿನಲ್ಲಿ ಜಾಸ್ತಿ ವೇಗವಾದರೂ ಮುಂದಿನ ಚಕ್ರಗಳೇ ಮೊದಲು ಜಾರುತ್ತವೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ನಮ್ಮಂಥವರಿಗೆ ಹಿಂದಿನ ಚಕ್ರದ ಕಾರಿಗಿಂತ ಇದೇ ಕ್ಷೇಮ. ಹಾರ್ಸ್‌ಪವರ್ ಜಾಸ್ತಿ ಇದ್ದರೆ ಯಾರಿಗೂ ನಷ್ಟವಿಲ್ಲ, ಬಳಸದಿದ್ದರಾಯಿತು. ತೊಂದರೆ ಇರುವುದು ಅದರ ಜೊತೆಗೆ ಬರುವ ತಗ್ಗು ಹೊಟ್ಟೆಯಲ್ಲಿ, ಚಪಾತಿ ದಪ್ಪದ ಟಯರಿನಲ್ಲಿ, ಮತ್ತು ಅವೆರಡನ್ನೂ ಕಾಪಾಡಲು ಮನೆಯವರನ್ನೆಲ್ಲ ಕ್ಲೀನರ್ ಮಾಡುವ ಮಾಲೀಕನಲ್ಲಿ.

ನಿನ್ನೆ ರಾತ್ರಿ ಊಟಕ್ಕೆ ಬಂದಿದ್ದ. ಪಂಚೆಯ ವಿಷಯ ಎತ್ತೋಣ ಎಂದು ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅವನೇ ಶುರು ಮಾಡಿದ.

"ಭಾವ, ಸ್ಟೇಜ್ ಒನ್ ರೀಮ್ಯಾಪ್ ಮಾಡಿಸೋಣ ಅಂತಿದ್ದೀನಿ. ಎಂಜಿನ್ನಿನ ಸಾಫ್ಟ್‌ವೇರ್ ಬದಲಾಯಿಸಿದರೆ ಸಾಕು, 300 ಹಾರ್ಸ್‌ಪವರ್ ಬರುತ್ತೆ."

"ಅಷ್ಟು ದುಡ್ಡು ಸುರಿಯೋ ಬದಲು ಕಾರನ್ನ ಎರಡಿಂಚು ಮೇಲೆತ್ತಿಸೋ" ಎಂದೆ.

ಅವನು ಸಾರಿನ ಕೈಯನ್ನು ಹಾಗೇ ಹಿಡಿದು, ಮಗುವಿಗೆ ಹೇಳುವವನಂತೆ ಸಮಾಧಾನದಿಂದ ಹೇಳಿದ: "ಮೇಲೆತ್ತಿಸಿದ್ರೆ ಹ್ಯಾಂಡ್ಲಿಂಗ್ ಹಾಳಾಗುತ್ತೆ ಭಾವ. ಹಂಪ್‌ಗೇನು, ನೀವಿದ್ದೀರಲ್ಲ."