ಕಾರಣ ಗೊತ್ತಾಗುವ ಮುಂಚೆಯೇ ಆ್ಯಂಟಿಬಯಾಟಿಕ್ ಕೊಡಬಹುದೇ?

ಪರ: ರಿಪೋರ್ಟ್ ಬರುವವರೆಗೆ ಜ್ವರ ಕಾಯುವುದಿಲ್ಲ

ಮಲೆನಾಡಿನ ರೈತರೊಬ್ಬರಿಗೆ ಆರು ದಿನದಿಂದ ಜ್ವರ ಅಂತ ಇಟ್ಟುಕೊಳ್ಳಿ. ಡೆಂಗಿ ಇಲ್ಲ, ಮಲೇರಿಯಾ ಇಲ್ಲ. ಇಂಥ ಹೊತ್ತಲ್ಲಿ ಸೋಂಕುರೋಗ ತಜ್ಞರು ರೋಗಿಯ ಮೈಯನ್ನು ಇಂಚು ಇಂಚಾಗಿ ನೋಡುತ್ತಾರೆ. ಕಂಕುಳು, ತೊಡೆಸಂದು, ಸೊಂಟದ ಸುತ್ತ. ಅಲ್ಲೆಲ್ಲೋ ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಂಡರೆ ಅದು ಸ್ಕ್ರಬ್ ಟೈಫಸ್ ಅನ್ನುವ ಬ್ಯಾಕ್ಟೀರಿಯಾ ಜ್ವರ ಇರಬಹುದು. ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿದ ಗುರುತು ಅದು. ಸಾಮಾನ್ಯವಾಗಿ ನೋವಿರುವುದಿಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಎಲ್ಲರಲ್ಲೂ ಆ ಹಕ್ಕಳೆ ಇರುತ್ತದೆ ಅಂತಲೂ ಇಲ್ಲ.

ಮೊದಲ ವಾರದಲ್ಲಿ ರಕ್ತದ ಆ್ಯಂಟಿಬಾಡಿ ಪರೀಕ್ಷೆ ನೆಗೆಟಿವ್ ಬರಬಹುದು. ಅದನ್ನೇ ನಂಬಿ ಕೂತರೆ ಶ್ವಾಸಕೋಶ, ಕಿಡ್ನಿ ಹಾಳಾಗಬಹುದು. ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಶುರು ಮಾಡಿದರೆ ಹೆಚ್ಚಿನವರಿಗೆ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ. ಅಗ್ಗದ ಔಷಧಿ. ಇಲಿ ಜ್ವರಕ್ಕೂ ಅದು ಕೆಲಸ ಮಾಡುತ್ತದೆ. ಇಷ್ಟಿದ್ದೂ ಯಾಕೆ ತಡ ಮಾಡಬೇಕು?

ಸೋಂಕಿನಿಂದ ಬಿಪಿ ಕುಸಿದವರ ವಿಷಯದಲ್ಲಂತೂ ಚರ್ಚೆಯೇ ಬೇಡ. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಮಾರ್ಗಸೂಚಿ ಅಂಥವರಿಗೆ 1 ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಿ ಅನ್ನುತ್ತದೆ.

ವಿರೋಧ: ಊಹೆಯ ಔಷಧಿ ರೋಗವನ್ನೇ ಮುಚ್ಚಿಡುತ್ತದೆ

ಅದೇ ಮಾರ್ಗಸೂಚಿಯ ಮುಂದಿನ ಮಾತನ್ನೂ ಓದಬೇಕಲ್ವಾ? ಸೆಪ್ಸಿಸ್ ಇರಬಹುದು ಅನ್ನುವ ಅನುಮಾನ ಮಾತ್ರ ಇದ್ದು, ಬಿಪಿ ಕುಸಿದಿಲ್ಲ ಅಂದರೆ ಬೇಗ ಪರೀಕ್ಷೆ ಮಾಡಿ. ಅನುಮಾನ ಉಳಿದರೆ 3 ಗಂಟೆಯೊಳಗೆ ಔಷಧಿ ಕೊಡಿ. ಸೋಂಕಿನ ಸಾಧ್ಯತೆ ಕಡಿಮೆ ಅನಿಸಿದರೆ ಔಷಧಿ ತಡೆಹಿಡಿದು ರೋಗಿಯನ್ನು ನೋಡುತ್ತಿರಿ. ಜ್ವರದವರಲ್ಲಿ ಎಷ್ಟೋ ಜನ ಶಾಕ್‌ನಲ್ಲಿ, ಅಂದರೆ ಬಿಪಿ ಕುಸಿದ ಸ್ಥಿತಿಯಲ್ಲಿ, ಇರುವುದಿಲ್ಲ.

ನನ್ನನ್ನು ಕಾಡುವ ರೋಗ ಮೆಲಿಯಾಯ್ಡೋಸಿಸ್. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆ ಇರುವ ಗದ್ದೆ ಕೆಲಸದವರಿಗೆ ಅಪಾಯ ಹೆಚ್ಚು. ಶ್ವಾಸಕೋಶದಲ್ಲಿ ಕಲೆ, ತೂಕ ಇಳಿಕೆ, ವಾರಗಟ್ಟಲೆ ಜ್ವರ. ನೋಡಿದವರಿಗೆ ಟಿಬಿ ಅನಿಸುತ್ತದೆ. ಕಫದಲ್ಲಿ ಟಿಬಿ ಸಿಗದಿದ್ದರೂ ಟಿಬಿ ಮಾತ್ರೆ ಶುರುವಾಗುತ್ತದೆ. ಅಷ್ಟರಲ್ಲಿ ಲಿವರ್, ಗುಲ್ಮದಲ್ಲಿ ಕೀವು ತುಂಬಿರುತ್ತದೆ.

ಇದನ್ನು ಖಚಿತವಾಗಿ ಹಿಡಿಯುವುದು ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ರಕ್ತ, ಕೀವು, ಕಫ, ಮೂತ್ರ ಎಲ್ಲವನ್ನೂ ಕಳಿಸಬೇಕು. ಲ್ಯಾಬಿನವರಿಗೂ ಅನುಮಾನ ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಯಾವುದೋ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಅಂತ ಬಿಟ್ಟುಬಿಡುವುದುಂಟು. ಚಿಕಿತ್ಸೆಯೂ ಬೇರೆಯೇ. ಕನಿಷ್ಠ ಎರಡು ವಾರ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ನರಕ್ಕೆ ಕೊಡಬೇಕು, ಆಮೇಲೆ ಮೂರು ತಿಂಗಳಾದರೂ ಕೋಟ್ರೈಮಾಕ್ಸಜೋಲ್ ಮಾತ್ರೆ. ಕೈಗೆ ಸಿಕ್ಕ ಆ್ಯಂಟಿಬಯಾಟಿಕ್ ಐದು ದಿನ ಕೊಟ್ಟರೆ ಇದು ಹೋಗುವುದಿಲ್ಲ.

ಹೃದಯದ ಕವಾಟದ ಸೋಂಕಿನಲ್ಲೂ ಇದೇ ಕಷ್ಟ. ಕಲ್ಚರ್‌ಗೆ ಮುಂಚೆ ಎರಡು ಡೋಸ್ ಬಿದ್ದಿದ್ದರೆ ರಕ್ತದಲ್ಲಿ ಏನೂ ಬೆಳೆಯದೇ ಇರಬಹುದು. ಆಮೇಲೆ ವಾರಗಟ್ಟಲೆ ಕತ್ತಲಲ್ಲಿ ತಡಕಾಡಬೇಕು. ಇನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್‌ನಿಂದ ಬರುವುದು. ಅದರ ಮೇಲೆ ಯಾವ ಆ್ಯಂಟಿಬಯಾಟಿಕ್ಕೂ ನಡೆಯುವುದಿಲ್ಲ.

ಕಲ್ಚರ್‌ಗೆ ರಕ್ತ ತೆಗೆಯಲು ಕೆಲವೇ ನಿಮಿಷ ಸಾಕು. ಮೊದಲ ಇಂಜೆಕ್ಷನ್‌ಗೆ ಮುಂಚೆ ಮನೆಯವರು ಒಂದು ಮಾತು ಕೇಳಲಿ: "ಡಾಕ್ಟ್ರೇ, ಕಲ್ಚರ್‌ಗೆ ರಕ್ತ ತೆಗೆದಾಯ್ತಾ?"