ಹಾಗಾದರೆ ಬರೆದು ಕೊಡಿ

ಈಗಷ್ಟೇ ಮನೆಗೆ ಬಂದೆ. ಹಳಿ ರಿಪೇರಿಗೆ ಅಂತ ಟ್ರೇನು ಕಡಿಮೆ ಮಾಡುವ ಮೆಗಾಬ್ಲಾಕಿನ ಭಾನುವಾರ, ಸ್ಲೋ ಟ್ರೇನಿನಲ್ಲಿ ಪೂರ್ತಿ ನಿಂತೇ ಬಂದದ್ದು. ಚಹಾ ಕೂಡ ಇಟ್ಟಿಲ್ಲ. ಸಿಟ್ಟು ಆರುವ ಮೊದಲು ಬರೆದುಬಿಡುತ್ತೇನೆ. ಆಮೇಲೆ ನನಗೆ ಎಲ್ಲರ ಮೇಲೂ ಕನಿಕರ ಬಂದುಬಿಡುತ್ತದೆ, ಅದು ನನ್ನ ಹಳೇ ಕಾಯಿಲೆ.

ಮುಂಬೈಯ ನಮ್ಮ ಕನ್ನಡ ಸಂಘದ ಲೈಬ್ರರಿ ನಿಮಗೆ ಗೊತ್ತಲ್ಲ. ಎರಡನೇ ಮಹಡಿ, ಒಂದು ಉದ್ದದ ಟೇಬಲ್, ಮೂಲೆಯಲ್ಲಿ ಭಜನಾ ಮಂಡಳಿಯ ಹಾರ್ಮೋನಿಯಂ ಪೆಟ್ಟಿಗೆ, ಅದರ ಮೇಲೆ ಯಕ್ಷಗಾನದ ಕಿರೀಟದ ಡಬ್ಬ. ಅಪ್ಪ ಹೋದ ಮೇಲೆ ಅವರ ಇನ್ನೂರು ಚಿಲ್ಲರೆ ಪುಸ್ತಕ ಅಲ್ಲಿಗೇ ಕೊಟ್ಟದ್ದು. ಪಕ್ಕದ ಬಿಲ್ಡಿಂಗಿನ ಹುಡುಗಿ ಮುಂಬೈ ಯೂನಿವರ್ಸಿಟಿಯ ಕಲಿನಾ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಮಾಡುತ್ತಿದ್ದಾಳೆ. ಅವಳಿಗೆ ಒಂದು ಹಳೆಯ ಕಾದಂಬರಿ ಬೇಕಿತ್ತು, ಎಲ್ಲೂ ಸಿಕ್ಕಿರಲಿಲ್ಲ. "ನಮ್ಮಲ್ಲಿದೆ ಬಾರೇ" ಅಂತ ಭಾರೀ ಗತ್ತಿನಲ್ಲಿ ಕರಕೊಂಡು ಹೋದೆ.

ಕಪಾಟಿನಲ್ಲಿ ಇಲ್ಲ. ಅದೊಂದೇ ಅಲ್ಲ, ಆ ಸಾಲಿನಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಸಂದು. ರಿಜಿಸ್ಟರ್ ತೆಗೆಸಿದೆ. ನಂಬರ್ ಇದೆ, ಅಪ್ಪನ ಹೆಸರಿದೆ, ಯಾರೂ ಒಯ್ದಿಲ್ಲ. ಲೈಬ್ರರಿ ನೋಡಿಕೊಳ್ಳುವ ರಾಯರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಪಾಪದ ಮನುಷ್ಯ, ಸುಳ್ಳು ಹೇಳಲು ಬರದಿದ್ದಾಗೆಲ್ಲ ಕನ್ನಡಕ ಒರೆಸುತ್ತಾರೆ.

"ಅದು ಒಳಗಿದೆ ಟೀಚರ್."

ಒಳಗೆ ಅಂದರೆ ಗೋದ್ರೇಜ್ ಕಪಾಟು. ಹದಿನೇಳು ಪುಸ್ತಕ, ಬೀಗ ಹಾಕಿ. ಯಾಕೆ? "ಸ್ವಲ್ಪ ವಿವಾದದ್ದು." ಯಾರು ಹೇಳಿದ್ದು? "ಮೇಲಿನವರು." ನಮ್ಮ ಮೇಲೆ ಇರುವುದು ಮೂರನೇ ಮಹಡಿ, ಅಲ್ಲಿ ಮದುವೆ ಹಾಲ್ ಇದೆ. ಯಾರೋ ಒಂದು ಪುಸ್ತಕದ ಫೋಟೋ ತೆಗೆದು ವಾಟ್ಸಾಪ್ ಗುಂಪಿನಲ್ಲಿ ಹಾಕಿದರಂತೆ. ಯಾವ ಪುಟದ ಫೋಟೋ ಅಂತ ಕೇಳಿದೆ. ಮುಖಪುಟದ್ದಂತೆ!

"ಕಮಿಟಿಯಲ್ಲಿ ಠರಾವು ಆಯ್ತಾ?"

"ಇಲ್ಲ."

"ನೋಟೀಸ್?"

"ಹಾಗೇನೂ ಇಲ್ಲ ಟೀಚರ್, ಸುಮ್ನೆ ಒಳಗಿಡಿ ಅಂದ್ರು."

"ಹಾಗಾದರೆ ಅದನ್ನೇ ಬರೆದು ಕೊಡಿ."

ಅಲ್ಲಿಗೆ ರಾಯರ ಮುಖ ಬಿಳಿಚಿಕೊಂಡಿತು. ನನ್ನ ಸಿಟ್ಟೆಲ್ಲ ಈ 'ಸುಮ್ನೆ' ಎಂಬ ಪದದ ಮೇಲೆ. ಪುಸ್ತಕ ನಿಷೇಧಿಸುವವರನ್ನು ನಾನು ಒಪ್ಪುವುದಿಲ್ಲ, ಆದರೆ ಅವರು ಒಂದು ಕಾಗದವನ್ನಾದರೂ ಹೊರಡಿಸುತ್ತಾರೆ. ಅದರಲ್ಲಿ ತಾರೀಕು ಇರುತ್ತದೆ, ಕಾರಣ ಇರುತ್ತದೆ, ಕೆಳಗೆ ಒಬ್ಬರ ಸಹಿ ಇರುತ್ತದೆ. ಆ ಕಾಗದ ಹಿಡಿದುಕೊಂಡು ಜಗಳಕ್ಕೆ ಹೋಗಬಹುದು. ಸುಮ್ನೆ ಒಳಗಿಟ್ಟರೆ ಯಾರ ಹತ್ತಿರ ಜಗಳ ಆಡುವುದು? ಬೀಗದ ಹತ್ತಿರವಾ?

ಇದೇ ಊರಲ್ಲಿ 1972ರಲ್ಲಿ ವಿಜಯ್ ತೆಂಡೂಲ್ಕರರ 'ಸಖಾರಾಮ್ ಬೈಂಡರ್' ನಾಟಕಕ್ಕೆ ಸೆನ್ಸಾರ್ ಮಂಡಳಿ ತಡೆ ಹಾಕಿತು. ನಾಟಕದವರು ಹೈಕೋರ್ಟಿಗೆ ಹೋಗಿ ಗೆದ್ದರು. ಗೆಲ್ಲಲು ಎದುರಿಗೆ ಒಂದು ಮಂಡಳಿ ಇತ್ತು ಸ್ವಾಮಿ, ಅದರ ಆದೇಶ ಇತ್ತು.

ಪುಣೆಯದ್ದು ನೆನಪಿದೆಯಲ್ಲ? 2004ರ ಜನವರಿ 5. ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆಗೆ ಗುಂಪು ನುಗ್ಗಿ ಕಪಾಟು ಉರುಳಿಸಿ ಪುಸ್ತಕ, ಹಸ್ತಪ್ರತಿಗಳನ್ನೆಲ್ಲ ಚೆಲ್ಲಾಡಿತು. ಶಿವಾಜಿಯ ಬಗ್ಗೆ ಪುಸ್ತಕ ಬರೆದ ಜೇಮ್ಸ್ ಲೇನ್ ತನ್ನ ಕೃತಜ್ಞತೆಯ ಪುಟದಲ್ಲಿ ಆ ಸಂಸ್ಥೆಯನ್ನು ನೆನೆದಿದ್ದರು, ಸಂಸ್ಥೆ ಮಾಡಿದ ತಪ್ಪು ಅಷ್ಟೇ. ನಾನಾಗ ಸ್ಟಾಫ್ ರೂಮಿನಲ್ಲಿ ಪೇಪರ್ ಹಿಡಿದುಕೊಂಡು ಕೂತಿದ್ದೆ, ಕೈ ನಡುಗುತ್ತಿತ್ತು. ಸರ್ಕಾರ ಪುಸ್ತಕವನ್ನೇ ನಿಷೇಧಿಸಿತು. ಆದರೆ 2007ರಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ಹೊಡೆದುಹಾಕಿತು, 2010ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹೊಡೆದುಹಾಕಲು ಅಲ್ಲೊಂದು ಆದೇಶ ಇತ್ತು ಅಲ್ವಾ?

ಎಲ್ಲ ಸಲವೂ ಗೆಲ್ಲುತ್ತಾರೆ ಅಂತಲ್ಲ. ಕನ್ನಡದ್ದೇ ಕಾದಂಬರಿ 'ಧರ್ಮಕಾರಣ' ಇದೆ. ಕರ್ನಾಟಕ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು, ಹತ್ತು ವರ್ಷದ ನಂತರ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಆದರೆ ಆ ತೀರ್ಪನ್ನು ಯಾರು ಬೇಕಾದರೂ ತೆಗೆದು ಓದಬಹುದು, ಇಂಥ ಕಡೆ ತಪ್ಪಿದೆ ಅಂತ ಬೆರಳಿಟ್ಟು ತೋರಿಸಬಹುದು. ರಾಯರ ಕಪಾಟಿನ ಮೇಲೆ ಎಲ್ಲಿ ಬೆರಳಿಡಲಿ?

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಲ್ಮಾನ್ ರಶ್ದಿಯ 'ದಿ ಸಟಾನಿಕ್ ವರ್ಸಸ್' ಪುಸ್ತಕದ ಕಥೆ ಕೇಳಿ. 1988ರಲ್ಲಿ ಆಮದು ನಿಷೇಧ ಆಯಿತು. ಒಬ್ಬರು ಆ ನಿಷೇಧವನ್ನೇ ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋದರು. 2024ರಲ್ಲಿ ನೋಡಿದರೆ ಅಧಿಸೂಚನೆಯ ಪ್ರತಿಯೇ ಯಾರ ಹತ್ತಿರವೂ ಇಲ್ಲ! ಹಾಗಾದರೆ ಅಂಥದ್ದೊಂದು ಇಲ್ಲವೆಂದೇ ತಿಳಿಯಬೇಕಾಗುತ್ತದೆ ಅಂದಿತು ಕೋರ್ಟು. ಮೂವತ್ತಾರು ವರ್ಷ ಇಡೀ ದೇಶ ಒಂದು ಕಳೆದುಹೋದ ಹಾಳೆಗೆ ಹೆದರಿಕೊಂಡಿತ್ತು. ನಮ್ಮ ಸಂಘದ್ದು ಅದಕ್ಕಿಂತ ಒಂದು ಕೈ ಮೇಲೆ, ಕಳೆದುಹೋಗಲಿಕ್ಕೂ ಹಾಳೆ ಇಲ್ಲ.

ವಾಪಸ್ ಬರುವಾಗ ಟ್ರೇನಿನಲ್ಲಿ ಹುಡುಗಿಗೆ ಅವಳದೇ ಯೂನಿವರ್ಸಿಟಿಯ ಕಥೆ ಹೇಳಿದೆ. 2010ರಲ್ಲಿ ರೋಹಿಂಟನ್ ಮಿಸ್ತ್ರಿಯ 'ಸಚ್ ಎ ಲಾಂಗ್ ಜರ್ನಿ' ಕಾದಂಬರಿಯನ್ನು ಪಠ್ಯದಿಂದ ತೆಗೆದರು. ಶಿವಸೇನೆಯ ವಿದ್ಯಾರ್ಥಿ ಘಟಕ ಗಲಾಟೆ ಎಬ್ಬಿಸಿತು, ಕುಲಪತಿಗಳು ತುರ್ತು ಅಧಿಕಾರ ಬಳಸಿದರು. ಅವಳಿಗೆ ಗೊತ್ತೇ ಇರಲಿಲ್ಲ. ಆಗ ಎರಡನೇ ಕ್ಲಾಸಂತೆ. "ಬಿಡಿ ಆಂಟಿ, ಪಿಡಿಎಫ್ ಎಲ್ಲಾದರೂ ಸಿಗುತ್ತೆ" ಅಂದಳು. ಅವಳು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು. ಅಪ್ಪನ ಪ್ರತಿಯಲ್ಲಿ ಅಂಚಿನ ತುಂಬ ಅಪ್ಪನ ಅಕ್ಷರ ಇದೆ, ಅದಕ್ಕೆ ಪಿಡಿಎಫ್ ಎಲ್ಲಿಂದ ತರಲಿ ಮಗಾ?

ಈಗ ಕೆಳಗೆ ಕಮೆಂಟಿನಲ್ಲಿ ನೀವು ಬರೆಯುವುದನ್ನು ನಾನೇ ಹೇಳಿಬಿಡುತ್ತೇನೆ. ಲೈಬ್ರರಿಗೆ ಮಕ್ಕಳು ಬರುತ್ತಾರೆ, ನೋಡಿ ಇಡಬೇಕು ಅಂತ. ಯಾವ ಮಕ್ಕಳು? ಇವತ್ತು ಅಲ್ಲಿದ್ದ ಅತೀ ಸಣ್ಣ ಪ್ರಾಯದವರಿಗೆ ಮೊನ್ನೆ ಮೊಣಕಾಲಿನ ಆಪರೇಷನ್ ಆಗಿದೆ. ವಕೀಲರೊಬ್ಬರು (ಯಾರು ಅಂತ ಗೊತ್ತಲ್ಲ) ಸಂಘ ಸರ್ಕಾರ ಅಲ್ಲ, ವಾಕ್‌ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ಅದಕ್ಕೆ ಅನ್ವಯಿಸುವುದಿಲ್ಲ ಅನ್ನುತ್ತಾರೆ. ಸರಿ ಮಾರಾಯ್ರೇ. ಸಂಘಕ್ಕೆ ಬೈಲಾ ಇದೆಯಲ್ಲ, ಮಿನಿಟ್ಸ್ ಪುಸ್ತಕ ಇದೆಯಲ್ಲ, ಕ್ಯಾಟರಿಂಗ್‌ನವನಿಗೆ ಐನೂರು ರೂಪಾಯಿ ಜಾಸ್ತಿ ಕೊಟ್ಟರೂ ಅದರಲ್ಲಿ ಬರೆಯುತ್ತೀರಲ್ಲ. ಇದನ್ನೂ ಬರೆಯಿರಿ. ಮತ್ತೆ ಬೇರೆ ಭಾಷೆಯ ಊರಲ್ಲಿ ಇದ್ದೇವೆ, ಕಲ್ಲು ಬಿದ್ದರೆ ಯಾರು ನೋಡುತ್ತಾರೆ ಅನ್ನುವ ಮಾತು. ಹೆದರಿಕೆ ನಿಜ, ನನಗೂ ಇದೆ. ಹಾಗಿದ್ದರೆ 'ಹೆದರಿಕೆಯಿಂದ ತೆಗೆದಿದ್ದೇವೆ' ಅಂತಲೇ ಬೋರ್ಡಿನಲ್ಲಿ ಹಾಕಿ. ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಇಷ್ಟು ಹಾರಾಡುವವಳು ತಾನೇನು ಮಾಡಿದಳು ಅಂತ ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವ ಮೊದಲು ಹೇಳಿಬಿಡುತ್ತೇನೆ. ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಿರುನಾಟಕ ಬರೆದಿದ್ದಳು, ಚಾಳಿನ ನಲ್ಲಿ ಜಗಳದ್ದು. ಅದರಲ್ಲಿ ಒಬ್ಬ ನಗರಸೇವಕ, ಅಂದರೆ ಕಾರ್ಪೊರೇಟರ್, ಬರುತ್ತಾನೆ, ಖಾಲಿ ಕೊಡಕ್ಕೆ ರಿಬ್ಬನ್ ಕಟ್ಟಿ ಉದ್ಘಾಟನೆ ಮಾಡುತ್ತಾನೆ. ಓದಿ ಬಿದ್ದು ಬಿದ್ದು ನಕ್ಕೆ. ಆಮೇಲೆ ನೆನಪಾಯಿತು, ಅತಿಥಿಯಾಗಿ ಬರುವವರು ನಮ್ಮ ವಾರ್ಡಿನ ನಗರಸೇವಕರೇ. ಕೆಂಪು ಪೆನ್ನು ತೆಗೆದು ಆ ಒಂದೂವರೆ ಪುಟಕ್ಕೆ ಅಡ್ಡಗೆರೆ ಎಳೆದೆ. ಯಾಕೆ ಟೀಚರ್ ಅಂದಳು. "ಟೈಮ್ ಸಾಲದು ಮಗಾ" ಅಂದೆ. ಟೈಮ್ ಬೇಕಾದಷ್ಟಿತ್ತು. ಸನ್ಮಾನಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಹೆದರಿದೆ ಅಂತ ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಆಮೇಲೆ ಏನೂ ಬರೆಯಲಿಲ್ಲ, ಕಾಮರ್ಸ್ ತಗೊಂಡಳು. ಅದಕ್ಕೆ ನಾನೇ ಕಾರಣ ಅನ್ನುವುದು ದೊಡ್ಡ ಮಾತಾಯಿತೇನೋ, ಆದರೂ ರಾತ್ರಿ ನಿದ್ದೆ ಬಾರದಾಗ ಆ ಕೊಡ ಮತ್ತು ಆ ರಿಬ್ಬನ್ ಕಣ್ಣೆದುರು ಬರುತ್ತವೆ.

ಹಾಗಾಗಿ ರಾಯರನ್ನು ಬೈಯುವ ಯೋಗ್ಯತೆ ನನಗಿಲ್ಲ, ಗೊತ್ತು. ಆದರೆ ಮೇಲಿನವರನ್ನು ಬಿಡುವುದಿಲ್ಲ. ಅಲ್ಲೇ ಟೇಬಲ್ಲಿಗೆ ಕೂತು ಅರ್ಜಿ ಬರೆದೆ. ಹದಿನೇಳು ಪುಸ್ತಕದ ನಂಬರ್ ರಿಜಿಸ್ಟರ್ ನೋಡಿ ಇಳಿಸಿದೆ. ಯಾರ ತೀರ್ಮಾನ, ಯಾವ ತಾರೀಕು, ಏನು ಕಾರಣ, ಲಿಖಿತವಾಗಿ ಕೊಡಬೇಕು ಅಂತ ಕೇಳಿದೆ. ಹುಡುಗಿ ಕೆಳಗೆ ಹೋಗಿ ಜೆರಾಕ್ಸ್ ಮಾಡಿಸಿ ತಂದಳು. ನನ್ನ ಪ್ರತಿಯ ಮೇಲೆ ತಲುಪಿದೆ ಅಂತ ಸಂಘದ ಸೀಲ್ ಹಾಕಿ ಕೊಡಿ ರಾಯರೇ ಅಂದೆ.

ಸೀಲ್ ಗೋದ್ರೇಜ್ ಕಪಾಟಿನ ಒಳಗಿದೆಯಂತೆ. ಕೀಲಿ ಇರುವವರು ಭೂತದ ನೇಮ ಇದೆ ಅಂತ ಊರಿಗೆ ಹೋಗಿದ್ದಾರೆ.

ಬಹಳ ಒತ್ತಾಯ ಮಾಡಿದ ಮೇಲೆ ರಾಯರು ನನ್ನ ಪ್ರತಿಯ ಹಿಂದೆ 'ತಲುಪಿದೆ' ಅಂತ ಬರೆದುಕೊಟ್ಟರು. ಪೆನ್ಸಿಲ್‌ನಲ್ಲಿ. ಸಹಿ ಇಲ್ಲ.